ಎರಡು ಬೆರಳು ದೂರ: ಒಂದು ಟ್ಯಾಗ್ ಟೀಮ್ ಜೋಡಿಯ ಪ್ರಕರಣ

ಮೊದಲೇ ಒಂದು ಮಾತು. ಇಲ್ಲಿ ಬರುವ ಇಬ್ಬರು ಹುಡುಗರ ಹೆಸರು, ಇರುವ ಬಡಾವಣೆ, ಮಾಡುವ ಕೆಲಸ, ಎಲ್ಲವನ್ನೂ ಬದಲಿಸಿದ್ದೇನೆ. ನಮ್ಮ ರೆಸ್ಲಿಂಗ್ ಗುಂಪಿನ ಹೆಸರನ್ನೂ ಹೇಳುವುದಿಲ್ಲ. ಯಾವುದು ಆದಮೇಲೆ ಯಾವುದು ನಡೆಯಿತು ಅನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ನನ್ನ ತಪ್ಪುಗಳು ಕಾಣುವುದು ಆ ಸಾಲಿನಲ್ಲೇ.

ಇಬ್ಬರಲ್ಲಿ ಒಬ್ಬನನ್ನು ಚಿಗರೆ ಅಂತ, ಇನ್ನೊಬ್ಬನನ್ನು ಕಂಬ ಅಂತ ಕರೆಯುತ್ತೇನೆ. ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದೆ. ಕಂಬ ನಕ್ಕ. ಚಿಗರೆ ‘ಇನ್ನೂ ಚೆನ್ನಾಗಿರೋ ಹೆಸರು ಸಿಗಲಿಲ್ವಾ ಸರ್’ ಅಂದ.

ಹಿನ್ನೆಲೆ

ಬೆಂಗಳೂರಿನಲ್ಲಿ ಕುಸ್ತಿ ಅಂದರೆ ಹಳಬರಿಗೆ ನೆನಪಾಗುವುದು ಪೇಟೆಯ ಗರಡಿ ಮನೆಗಳು. ಕೆಂಪು ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆ, ಮೂಲೆಯಲ್ಲಿ ಹನುಮಂತ. ಕರಗದ ವೀರಕುಮಾರರಿಗೂ ಆ ಗರಡಿಗಳಿಗೂ ಹಳೆಯ ನಂಟಿದೆ. ನಾವು ಮಾಡುವುದು ಅದಲ್ಲ. ನಮ್ಮದು ಟಿವಿಯಲ್ಲಿ ಬರುವ ತರಹದ ಪ್ರೊ ರೆಸ್ಲಿಂಗ್. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಬೀಳುವುದು ಮಾತ್ರ ನಿಜ. ಪ್ಲೈವುಡ್ ಹಲಗೆ, ಅದರ ಮೇಲೆ ತೆಳ್ಳಗಿನ ಫೋಮ್, ಅದರ ಮೇಲೆ ಕ್ಯಾನ್ವಾಸ್. ಬೆನ್ನನ್ನು ಕೇಳಿದರೆ ಗೊತ್ತಾಗುತ್ತದೆ.

ನಮ್ಮಂಥ ಗುಂಪಿಗೆ ಇಂಡಿಪೆಂಡೆಂಟ್ ಅನ್ನುತ್ತಾರೆ, ಪದ ಕೇಳೋಕೆ ಗತ್ತಾಗಿದೆ. ಅರ್ಥ ಇಷ್ಟೇ: ಹಿಂದೆ ದೊಡ್ಡ ಕಂಪನಿ ಇಲ್ಲ, ಟಿವಿ ಇಲ್ಲ, ಕೈಯಿಂದ ದುಡ್ಡು ಹಾಕಬೇಕು. ನಮ್ಮ ರಿಂಗ್ 18 ಅಡಿಯದು. ಪೀಣ್ಯದ ಒಂದು ವೆಲ್ಡಿಂಗ್ ಶೆಡ್‌ನಲ್ಲಿ ಮಾಡಿಸಿದ್ದು. ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಜೋಡಿಸಲು ನಾಲ್ಕು ಗಂಟೆ ಹಿಡಿಯುತ್ತದೆ. ನಮಗೆ ಸುಲಭವಾಗಿ ಜಾಗ ಸಿಗುವುದು ಆಷಾಢದಲ್ಲಿ. ಆಗ ಮದುವೆ ಇರುವುದಿಲ್ಲ, ಛತ್ರಗಳು ಖಾಲಿ, ಮಾಲೀಕರು ಬಾಡಿಗೆ ಇಳಿಸುತ್ತಾರೆ. ಗಂಡು ಹೆಣ್ಣು ಕೂರುವ ವೇದಿಕೆಯ ಮುಂದೆ ನಮ್ಮ ರಿಂಗ್. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ. ಒಂಬತ್ತೂ ಮುಕ್ಕಾಲಿಗೆ ಕೊನೆಯ ಪಂದ್ಯ ಮುಗಿದಿರಬೇಕು.

ನಾನು ಗುಂಪಿನ ಬುಕರ್. ಯಾರ ಮೇಲೆ ಯಾರು, ಎಷ್ಟು ನಿಮಿಷ, ಗೆಲುವು ಯಾರಿಗೆ, ಇದನ್ನೆಲ್ಲ ಕೂಡಿಸುವವನು. ವಾರದ ದಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಎರಡೂ ಒಂದೇ ಕೆಲಸ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಚಿಗರೆಗೆ ಆಗ 22 ವರ್ಷ. ಸ್ಕೂಲಿನಲ್ಲಿ ಜಿಮ್ನಾಸ್ಟಿಕ್ಸ್ ಮಾಡಿದವನು. ಮೇಲಿನ ಹಗ್ಗದ ಮೇಲೆ ನಿಂತು, ಬೆನ್ನು ತಿರುಗಿಸಿ, ಹಿಂದಕ್ಕೆ ಪಲ್ಟಿ ಹೊಡೆದು ಎದುರಾಳಿಯ ಮೇಲೆ ಬೀಳುವ ಮೂನ್‌ಸಾಲ್ಟ್ ಗೊತ್ತಲ್ಲ, ಅದನ್ನು ಬಂದ ಎರಡನೇ ತಿಂಗಳಿಗೇ ಮಾಡಿ ತೋರಿಸಿದ. ನಮ್ಮಲ್ಲಿ ಐದು ವರ್ಷ ಹಳಬರು ಸುಮ್ನೆ ನಿಂತು ನೋಡಿದರು. ಅಂಥ ಹುಡುಗ ಮತ್ತೆ ನಮ್ಮ ಪ್ರಾಕ್ಟೀಸ್ ಶೆಡ್‌ಗೆ ಬರುತ್ತಾನೋ ಇಲ್ಲವೋ, ನನಗೆ ಅನುಮಾನ.

ಕಂಬನಿಗೆ 29. ಮಾರ್ಕೆಟ್ ಮಂಡಿಯಲ್ಲಿ ಕೆಲಸ. ಮನೆತನ ಗರಡಿಯದು, ದೊಡ್ಡಪ್ಪ ಹಳೇ ಪೈಲ್ವಾನರು. ಇವನಿಗೆ ಬರುತ್ತಿದ್ದದ್ದು ಮೂರೇ: ಭುಜದಿಂದ ಡಿಕ್ಕಿ, ಎತ್ತಿ ಒಗೆಯುವುದು, ಮತ್ತು ಎದುರಾಳಿಯನ್ನು ಹೆಗಲ ಮೇಲೆ ಅಡ್ಡ ಹಾಕಿಕೊಳ್ಳುವ ಕಲಾಜಂಗ್ ಪಟ್ಟು. ಮೂರನ್ನೂ ಸರಿಯಾಗಿ ಮಾಡುತ್ತಿದ್ದ. ಯಾರಿಗೂ ನೋವಾಗುತ್ತಿರಲಿಲ್ಲ. ಮುಖದ ಮೇಲೆ ಯಾವ ಭಾವವೂ ಇರುತ್ತಿರಲಿಲ್ಲ. ಮೂಟೆ ಇಳಿಸುವವನ ಮುಖ.

ಟ್ಯಾಗ್ ಟೀಮ್ ಗೊತ್ತಿಲ್ಲದವರಿಗೆ ಎರಡು ಸಾಲು. ಇಬ್ಬರ ಮೇಲೆ ಇಬ್ಬರು. ರಿಂಗ್ ಒಳಗೆ ಒಂದೊಂದು ಕಡೆಯಿಂದ ಒಬ್ಬೊಬ್ಬರೇ. ಜೊತೆಗಾರ ಹಗ್ಗದ ಆಚೆ ಅಂಚಿನ ಮೇಲೆ, ಅಂದರೆ ಏಪ್ರನ್ ಮೇಲೆ, ಮೂಲೆಗೆ ಕಟ್ಟಿದ ಗಿಡ್ಡ ಹಗ್ಗ ಹಿಡಿದು ನಿಂತಿರಬೇಕು. ಒಳಗಿರುವವನು ಬಂದು ಕೈ ತಟ್ಟಿದರೆ ಇವನು ಒಳಗೆ, ಅವನು ಆಚೆ. ಆ ತಟ್ಟುವಿಕೆಯನ್ನು ರೆಫರಿ ನೋಡಿರಬೇಕು. ಬದಲಾಗುವಾಗ ಐದು ಎಣಿಸುವಷ್ಟರಲ್ಲಿ ಒಬ್ಬ ಹೊರಗೆ ಹೋಗಿರಬೇಕು. ಇಷ್ಟೇ ನಿಯಮ.

ತೊಡಕು

ಇವರಿಬ್ಬರನ್ನು ಜೋಡಿ ಮಾಡಿದ್ದು ಯಾಕೆ ಅಂದರೆ, ನನ್ನ ಹತ್ತಿರ ಆ ತಿಂಗಳು ಇದ್ದವರು ಕೆಲವೇ ಜನ. ಒಂದು ಟ್ಯಾಗ್ ಪಂದ್ಯ ಹಾಕದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ದೊಡ್ಡವನೊಬ್ಬ ಸಣ್ಣವನೊಬ್ಬ ಪೋಸ್ಟರ್‌ನಲ್ಲಿ ಚೆನ್ನಾಗಿ ಕಾಣುತ್ತಾರೆ ಅನ್ನುವುದು ಇನ್ನೊಂದು ಕಾರಣ. ಇದಕ್ಕಿಂತ ಆಳವಾದ ಯೋಚನೆ ಏನೂ ಇರಲಿಲ್ಲ.

ಮೊದಲ ಪಂದ್ಯ ಹದಿನಾಲ್ಕು ನಿಮಿಷ. ಅದರಲ್ಲಿ ಹನ್ನೊಂದು ನಿಮಿಷ ಚಿಗರೆ ಒಳಗೆ. ಪಲ್ಟಿ, ಜಿಗಿತ, ಹಗ್ಗದ ಮೇಲಿಂದ ಮತ್ತೊಂದು ಜಿಗಿತ. ಪ್ರತಿ ಸಲ ಚಪ್ಪಾಳೆ. ಚಪ್ಪಾಳೆ ಆದಮೇಲೆ ಮೌನ. ಮತ್ತೆ ಜಿಗಿತ, ಮತ್ತೆ ಚಪ್ಪಾಳೆ, ಮತ್ತೆ ಮೌನ. ಮಕ್ಕಳ ಹುಟ್ಟುಹಬ್ಬದಲ್ಲಿ ಜಾದೂ ಮಾಡುವವನಿಗೆ ಬೀಳುವ ತರಹದ ಚಪ್ಪಾಳೆ. ಕಂಬ ಒಳಗೆ ಬಂದಾಗ ಹಿಂದಿನ ಸಾಲಿನವರು ಎದ್ದು ಕಾಫಿಗೆ ಹೋದರು. ಒಂದು ಸಲವಂತೂ ಚಿಗರೆ ಕೈ ಚಾಚಿಕೊಂಡು ಮೂಲೆಗೆ ಬಂದ. ಕಂಬ ನೀರು ಕುಡಿಯುತ್ತಿದ್ದ.

ಆ ರಾತ್ರಿ ನಾನು ತಪ್ಪು ಕಂಬನದೇ ಅಂದುಕೊಂಡೆ. ಗುಂಪಿನವರೆಲ್ಲ ಹಾಗೇ ಅಂದುಕೊಂಡರು. ‘ಚಿನ್ನದಂಥ ಹುಡುಗನಿಗೆ ಕಲ್ಲು ಕಟ್ಟಿದ್ದೀರ’ ಅಂತ ಒಬ್ಬ ಹೇಳಿಯೂ ಹೇಳಿದ.

ಎರಡನೇ ಪ್ರದರ್ಶನದಲ್ಲಿ ನಮ್ಮ ಕಣ್ಣು ತೆರೆಯಬೇಕಿತ್ತು. ಅರ್ಧ ತೆರೆಯಿತು.

ಚಿಗರೆ ಹಗ್ಗದ ಮೇಲಿಂದ ರಿಂಗ್ ಆಚೆಗೆ ಜಿಗಿಯುವುದು, ಕೆಳಗೆ ಎದುರಾಳಿಗಳಿಬ್ಬರೂ ಅವನನ್ನು ಹಿಡಿಯುವುದು, ಇದು ಯೋಜನೆ. ನೋಡುವವರಿಗೆ ಅದು ಹೊಡೆತ. ಒಳಗಿನವರಿಗೆ ಅದು ಕ್ಯಾಚು. ಕೆಳಗಿರುವವರು ಅಕ್ಕಪಕ್ಕ ನಿಂತು, ಎದೆ ತೆರೆದು, ಕೈ ಎತ್ತಿ ಕಾದಿರಬೇಕು. ಅವರನ್ನು ಆ ಜಾಗಕ್ಕೆ ತಂದು ನಿಲ್ಲಿಸುವ ಕೆಲಸ ಕಂಬನದು. ಜನ ತಣ್ಣಗಾಗುತ್ತಿದ್ದಾರೆ ಅಂತ ಚಿಗರೆಗೆ ಅನ್ನಿಸಿತು. ಕಂಬ ಇನ್ನೂ ಒಬ್ಬನನ್ನು ಎಬ್ಬಿಸುತ್ತಿದ್ದ. ಇವನು ಜಿಗಿದೇಬಿಟ್ಟ. ಬಗ್ಗಿದ್ದವನ ಭುಜಕ್ಕೆ ಮಂಡಿ ಬಿತ್ತು, ಚಿಗರೆ ಹೋಗಿ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಿದ್ದ. ಅಲ್ಲಿ ಒಂದು ಮಗು ಕೂತಿತ್ತು. ಐಸ್‌ಕ್ರೀಮಿಗೆ ಅಂತ ಒಂದು ನಿಮಿಷ ಮೊದಲು ಎದ್ದು ಹೋಗಿತ್ತು.

ಎದುರಾಳಿ ಮೂರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದ. ಅವನೂ ಅವನ ಜೊತೆಗಾರನೂ ನಮ್ಮ ಹಳೆಯ ಹೀಲ್ ಜೋಡಿ, ಅಂದರೆ ಕೆಟ್ಟವರ ಪಾತ್ರ ಮಾಡುವವರು. ಒಳಗೆ ಚಿನ್ನದಂಥ ಮನುಷ್ಯರು. ‘ಇವನ ಜೊತೆ ಇನ್ನು ನಾವು ಹತ್ತಲ್ಲ’ ಅಂದರು. ನಾನು ಚಿಗರೆಯನ್ನು ಆವತ್ತೇ ಒಂದೆರಡು ತಿಂಗಳು ಕೂರಿಸಬೇಕಿತ್ತು. ಕೂರಿಸಲಿಲ್ಲ. ಮುಂದಿನ ಪ್ರದರ್ಶನದ ಟಿಕೆಟ್ ಅವನ ಫೋಟೋ ಹಾಕಿ ಮಾರಿದ್ದೆ. ಇದನ್ನು ಬರೆಯಲು ಇಷ್ಟ ಇಲ್ಲ, ಆದರೂ ಬರೆದಿದ್ದೇನೆ.

ಏನೇನು ಮಾಡಿದೆವು

ಮೊದಲಿಗೆ ಸಮಯ ಹಂಚಿದೆವು. ಗಡಿಯಾರ ಇಟ್ಟುಕೊಂಡು ತಲಾ ಐದು ನಿಮಿಷ. ನ್ಯಾಯವಾಗಿತ್ತು, ಆದರೆ ಬ್ಯಾಂಕಿನ ಕೌಂಟರ್ ತರಹ ಇತ್ತು. ಟೋಕನ್ ಬಂದವನು ಒಳಗೆ ಹೋಗುತ್ತಾನೆ, ಅಷ್ಟೇ.

ಆಮೇಲೆ ಇಬ್ಬರೂ ಸೇರಿ ಮಾಡುವ ಪಟ್ಟುಗಳನ್ನು ಕಲಿಸಿದೆವು. ವಿಡಿಯೊ ನೋಡಿ ಎಂಟೋ ಒಂಬತ್ತೋ. ಶೆಡ್‌ನಲ್ಲಿ ಚೆನ್ನಾಗಿ ಬಂತು. ರಿಂಗ್‌ನಲ್ಲಿ ಕಾಲೇಜು ಫೆಸ್ಟಿನ ಡ್ಯಾನ್ಸ್ ತರಹ ಕಂಡಿತು. ಇಬ್ಬರೂ ಮನಸ್ಸಿನಲ್ಲಿ ಒನ್ ಟು ತ್ರೀ ಎಣಿಸುವುದು ಮೂರನೇ ಸಾಲಿನವರಿಗೂ ಗೊತ್ತಾಗುತ್ತಿತ್ತು. ಒಟ್ಟಿಗೆ ಮಾಡಿದ್ದೆಲ್ಲ ಜೊತೆಯ ಆಟ ಆಗುವುದಿಲ್ಲ ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು.

ಒಂದು ತಿಂಗಳು ಚಿಗರೆಯನ್ನು ಒಂಟಿ ಪಂದ್ಯಕ್ಕೂ ಹಾಕಿ ನೋಡಿದೆವು. ಮೊದಲ ಸಲ ಸೂಪರ್. ಎರಡನೇ ಸಲ ಅದೇ ಜನ, ಅದೇ ಪಲ್ಟಿ, ಸದ್ದು ಅರ್ಧ.

ಈ ಮಧ್ಯೆ ನಾನು ಒಂದು ಭಾಷಣ ಬಿಗಿದೆ. ಬೆಂಗಳೂರಿನ ನನ್ನ ವಯಸ್ಸಿನವರಿಗೆ ಜೊತೆಯಾಟ ಅಂದರೆ 1996ರ ಟೈಟನ್ ಕಪ್, ಚಿನ್ನಸ್ವಾಮಿ ಸ್ಟೇಡಿಯಂ, ಎದುರಿಗೆ ಆಸ್ಟ್ರೇಲಿಯಾ. 216 ಬೇಕಿತ್ತು. ಸಚಿನ್ 88 ಹೊಡೆದು ಔಟಾದಾಗ ಎಷ್ಟೋ ಮನೆಗಳಲ್ಲಿ ಟಿವಿ ಆಫ್ ಆಯಿತು. ಆಮೇಲೆ ಶ್ರೀನಾಥ್, ಕುಂಬ್ಳೆ, ನಮ್ಮ ಹುಡುಗರಿಬ್ಬರು, ಒಂಬತ್ತನೇ ವಿಕೆಟ್ಟಿಗೆ 52 ರನ್ ಸೇರಿಸಿ ಗೆಲ್ಲಿಸಿದರು. ಬೌಲರ್‌ಗಳು ಸ್ವಾಮಿ, ಬೌಲರ್‌ಗಳು. ನಾನು ಇದನ್ನು ಹೇಳುವಾಗ ನನಗೇ ರೋಮ ಎದ್ದಿತು. ಚಿಗರೆ ಕೇಳಿಸಿಕೊಂಡ. ಆ ಪಂದ್ಯದ ಹೊತ್ತಿಗೆ ಅವನು ಹುಟ್ಟೇ ಇರಲಿಲ್ಲ. ‘ಸರ್, ಸಚಿನ್ ಆ 88 ಹೊಡೀದೇ ಇದ್ದಿದ್ರೆ?’ ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ.

ತಿರುವು

ಒಂದು ಭಾನುವಾರ ಕಂಬನ ದೊಡ್ಡಪ್ಪ ಶೆಡ್‌ಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಇವರ ಕಾಲದಲ್ಲಿ ಮಟ್ಟಿಗೆ ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲವಂತೆ. ಬಂದವರು ಬೆಂಚಿನ ಮೇಲೆ ಕೂತು ಅರ್ಧ ಗಂಟೆ ನೋಡಿದರು. ಆಮೇಲೆ ಕೇಳಿದರು: ‘ಇದ್ರಲ್ಲಿ ಜೋಡಿ ಯಾರಪ್ಪ?’

ನಾನು ಚಿಗರೆ, ಕಂಬ ಇಬ್ಬರನ್ನೂ ತೋರಿಸಿದೆ.

‘ಅವ್ರಿಬ್ರೂ ಒಂದೇ ಕಡೆಯವ್ರಲ್ವಾ? ಜೋಡಿ ಅಂದ್ರೆ ಎದುರಿಗಿರೋನು ಕಣಪ್ಪ.’

ಸರಿಯೇ. ನಾಡ ಕುಸ್ತಿಯಲ್ಲಿ ಜೋಡಿ ಅಂದರೆ ಎದುರಾಳಿ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ಅನುಭವ ನೋಡಿ ಸಮನಾದವರನ್ನು ಎದುರುಬದುರು ನಿಲ್ಲಿಸುತ್ತಾರೆ. ನಾನು ಇಷ್ಟು ತಿಂಗಳು ಜೋಡಿ ಅನ್ನುವ ಮಾತನ್ನು ಒಂದೇ ಕಡೆಯ ಇಬ್ಬರಿಗೆ ಅಂಟಿಸಿ ಕೂತಿದ್ದೆ. ಆದರೆ ಪ್ರೊ ರೆಸ್ಲಿಂಗ್‌ನಲ್ಲಿ ಎದುರಿಗಿರುವವನೂ ಜೊತೆಗಾರನೇ. ಅವನು ಹಿಡಿಯದಿದ್ದರೆ ಚಿಗರೆ ಕುರ್ಚಿಯ ಮೇಲೆ. ನಾಲ್ಕೂ ಜನರದ್ದು ಒಂದೇ ಆಟ. ಹಾಗಿರುವಾಗ ಒಬ್ಬನ ಪ್ರತಿಭೆ ಅಂತ ನಾನು ಎಣಿಸುತ್ತಿದ್ದದ್ದು ಯಾವುದನ್ನು?

ದೊಡ್ಡಪ್ಪ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಚಿಗರೆಯ ಕಡೆ ಗದ್ದ ಎತ್ತಿ, ‘ಆ ಹುಡುಗ ಬೀಳೋದು ಬೋ ಚೆನ್ನಾಗೈತೆ’ ಅಂದರು. ಹಾರುವುದು ಅನ್ನಲಿಲ್ಲ. ಬೀಳುವುದು.

ಮನೆಗೆ ಹೋಗಿ ಹಳೆಯ ವಿಡಿಯೊಗಳನ್ನು ಹಾಕಿದೆ. ಈ ಸಲ ರಿಂಗ್ ನೋಡಲಿಲ್ಲ, ಜನರನ್ನು ನೋಡಿದೆ. ಚಿಗರೆ ಜಿಗಿದಾಗ ಅವರ ಕೈ ಮೇಲೆ. ಚಿಗರೆ ಪೆಟ್ಟು ತಿಂದಾಗ ಅವರ ಕೈ ಬಾಯಿಯ ಮೇಲೆ. ಮೊದಲ ಸಾಲಿನ ಹೆಂಗಸೊಬ್ಬರು ಮುಖ ತಿರುಗಿಸಿಕೊಂಡಿದ್ದರು. ಅವನ ಮೈಯಲ್ಲಿ ಪ್ರತಿ ಪೆಟ್ಟೂ ಕಾಣುತ್ತಿತ್ತು. ತಲೆ ಹಿಂದಕ್ಕೆ ಹೋಗುವುದು, ಮಂಡಿ ಕುಸಿಯುವುದು, ಏಳಲು ನೋಡಿ ಮತ್ತೆ ಬೀಳುವುದು. ಜಿಮ್ನಾಸ್ಟಿಕ್ಸ್ ಅವನಿಗೆ ಕಲಿಸಿದ ದೊಡ್ಡ ವಿದ್ಯೆ ಅದು. ನಾವು ಅದನ್ನು ಹದಿನಾಲ್ಕು ನಿಮಿಷದಲ್ಲಿ ಒಂದೂವರೆ ನಿಮಿಷ ಬಳಸುತ್ತಿದ್ದೆವು.

ಇದೇನೂ ನನ್ನ ಶೋಧ ಅಲ್ಲ. ಟ್ಯಾಗ್ ಟೀಮಿನ ಹಳೆಯ ಪಾಠವೇ ಇದು. 1983ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕಟ್ಟಿದ ರಾಕ್ ಎನ್ ರೋಲ್ ಎಕ್ಸ್‌ಪ್ರೆಸ್ ಅನ್ನುವ ಜೋಡಿ ಇತ್ತು. ರಿಕಿ ಮಾರ್ಟನ್ ಒಳಗೆ ಏಟು ತಿನ್ನುತ್ತಲೇ ಇರುತ್ತಿದ್ದ. ರಾಬರ್ಟ್ ಗಿಬ್ಸನ್ ಆಚೆ ಕೈ ಚಾಚಿ ಕಾಯುತ್ತಿದ್ದ. ಕೊನೆಗೆ ಕೈ ತಾಗಿದಾಗ ಜನ ಹುಚ್ಚೆದ್ದು ಹೋಗುತ್ತಿದ್ದರು. ಅದಕ್ಕೆ ಹಾಟ್ ಟ್ಯಾಗ್ ಅನ್ನುತ್ತಾರೆ. ಏಟು ತಿನ್ನುವ ಆ ಪಾತ್ರಕ್ಕೆ ಇವತ್ತಿಗೂ ರೆಸ್ಲಿಂಗ್‌ನವರು ರಿಕಿ ಮಾರ್ಟನ್ ಅಂತಲೇ ಹೆಸರು ಇಟ್ಟಿದ್ದಾರೆ. ಇಬ್ಬರಲ್ಲಿ ಹೆಚ್ಚು ಕೆಲಸ ಗೊತ್ತಿದ್ದವನಿಗೇ ಏಟು. ಇದೆಲ್ಲ ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ನಮ್ಮ ಶೆಡ್‌ಗೆ ಇದು ಹೊಂದುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

ಚಿಗರೆಗೆ ಹೇಳಿದೆ. ‘ಎಂಟು ನಿಮಿಷ ನೀನು ಒದೆ ತಿನ್ನಬೇಕು. ಜಿಗಿಯೋ ಹಾಗಿಲ್ಲ.’

‘ನಾನು ಒದೆ ತಿನ್ನೋಕೆ ಬಂದಿಲ್ಲ ಸರ್. ನನಗೆ ಬರೋದು ಈ ಬೆಂಗಳೂರಲ್ಲಿ ಎಷ್ಟು ಜನಕ್ಕೆ ಬರುತ್ತೆ ಹೇಳಿ?’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಜಾಸ್ತಿ ವಾದ ಮಾಡಲಿಲ್ಲ. ಮೂನ್‌ಸಾಲ್ಟ್ ಕೊನೆಯಲ್ಲಿ ಇರುತ್ತದೆ, ಆದರೆ ಒಂದೇ ಒಂದು ಸಲ, ಅದೂ ಕಂಬ ಒಳಗೆ ಬಂದಾದ ಮೇಲೆ ಅಂದೆ. ಅವನು ಎರಡು ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಫೋನ್ ಮಾಡಲು ಮನಸ್ಸಾಯಿತು, ಮಾಡಲಿಲ್ಲ. ಕಂಬ ಮಾಡಿದನಂತೆ. ಏನು ಮಾತಾಡಿದರೋ, ಮೂರನೇ ಭಾನುವಾರ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಕೇಳಿದರೆ ‘ಏನಿಲ್ಲ ಅಣ್ಣ, ಇಡ್ಲಿ ತಿಂದ್ವಿ’ ಅಂತಾನೆ ಕಂಬ.

ಸುಮ್ಮನೆ ನಿಲ್ಲುವ ವಿದ್ಯೆ

ಕಷ್ಟ ಚಿಗರೆಗೆ ಆಗುತ್ತದೆ ಅಂದುಕೊಂಡಿದ್ದೆ. ಆಗಿದ್ದು ಕಂಬನಿಗೆ.

ಏಪ್ರನ್ ಮೇಲೆ ನಿಲ್ಲುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮೂರು ಭಾನುವಾರ ನಾವು ಅದನ್ನೇ ಮಾಡಿದೆವು. ಗಿಡ್ಡ ಹಗ್ಗ ಬಿಡಬಾರದು. ಕಣ್ಣು ಜೊತೆಗಾರನ ಮೇಲಿಂದ ತೆಗೆಯಬಾರದು. ಅವನಿಗೆ ಪೆಟ್ಟು ಬಿದ್ದಾಗ ಇವನ ಭುಜ ಅಲ್ಲಾಡಬೇಕು. ಕಂಬನಿಗೆ ಇದು ನಾಟಕ ಅನ್ನಿಸಿತು. ‘ಗರಡಿಯಲ್ಲಿ ಮುಖದ ಮೇಲೆ ಏನೂ ತೋರಿಸಬೇಡ ಅಂತ ಹೊಡೆದು ಕಲಿಸಿದ್ದಾರೆ ಅಣ್ಣ’ ಅಂದ. ನಿಜ. ಎದುರಾಳಿಗೆ ನಿನ್ನ ನೋವು ಗೊತ್ತಾಗಬಾರದು ಅನ್ನುವುದು ಅಲ್ಲಿಯ ಪಾಠ. ಇಲ್ಲಿ ಅದನ್ನು ಬಿಚ್ಚಬೇಕಿತ್ತು.

ಆಮೇಲೆ ದೂರದ ಲೆಕ್ಕ. ಚಿಗರೆ ತೆವಳಿಕೊಂಡು ಬರುವಾಗ ಇಬ್ಬರ ಬೆರಳ ತುದಿಗಳ ನಡುವೆ ಎಷ್ಟು ಜಾಗ ಉಳಿದಾಗ ಹೀಲ್ ಅವನ ಕಾಲು ಹಿಡಿದು ಎಳೆಯಬೇಕು? ಒಂದು ಅಡಿ ಇದ್ದರೆ ಜನಕ್ಕೆ ಆಸೆಯೇ ಹುಟ್ಟುವುದಿಲ್ಲ. ತಾಗಿಯೇ ಬಿಟ್ಟರೆ ಕೆಲಸ ಕೆಟ್ಟಿತು. ನಾವು ಸಾಕಷ್ಟು ಸಲ ಮಾಡಿ ನೋಡಿ ಎರಡು ಬೆರಳು ಅಗಲಕ್ಕೆ ಬಂದು ನಿಂತೆವು. ಎರಡು ಬೆರಳು ದೂರದಲ್ಲಿ ಎಳೆದರೆ ಶೆಡ್‌ನಲ್ಲಿ ನೋಡುತ್ತಿದ್ದ ನಮ್ಮ ಹುಡುಗರೇ ‘ಥತ್’ ಅನ್ನುತ್ತಿದ್ದರು. ಎಲ್ಲ ಗೊತ್ತಿದ್ದವರೇ.

ಈ ದೂರವನ್ನು ಕಾಯುವವನು ಕಾಲು ಎಳೆಯುವ ಹೀಲ್. ಭುಜಕ್ಕೆ ಪೆಟ್ಟು ತಿಂದವನೇ ಆ ಕೆಲಸಕ್ಕೆ ಒಪ್ಪಿಕೊಂಡ. ಅವನನ್ನು ಒಪ್ಪಿಸಿದ್ದು ನಾನಲ್ಲ. ಚಿಗರೆಗೆ ಎಂಟು ನಿಮಿಷ ಹೊಡೆಯಬಹುದು ಅಂತ ಗೊತ್ತಾದ ತಕ್ಷಣ ತಾನಾಗೇ ಬಂದ.

ಆಷಾಢದ ಒಂದು ಶನಿವಾರ

ಮಾಗಡಿ ರಸ್ತೆ ಕಡೆಯ ಒಂದು ಛತ್ರ. ಹೊರಗೆ ಸಣ್ಣ ಮಳೆ. ಒಳಗೆ ಇನ್ನೂರರ ಹತ್ತಿರ ಜನ. ಚಿಗರೆಯ ಅಭಿಮಾನಿಗಳು ಮೊಬೈಲ್ ಎತ್ತಿಕೊಂಡು ತಯಾರಾಗಿದ್ದರು. ಮೊದಲ ಎರಡು ನಿಮಿಷ ಅವನು ಒಂದು ಸಣ್ಣ ಪಲ್ಟಿ ಹೊಡೆದ. ಆಮೇಲೆ ಹೀಲ್‌ಗಳಿಗೆ ಸಿಕ್ಕಿಬಿದ್ದ.

ಮೂರನೇ ನಿಮಿಷಕ್ಕೆ ಮೊಬೈಲ್‌ಗಳು ಇಳಿದವು. ನನಗೆ ಎದೆ ಧಸಕ್ ಅಂದಿತು. ಬೇಜಾರಾಗಿ ಇಳಿಸಿದರು ಅಂದುಕೊಂಡೆ. ಮುಖ ನೋಡಿದರೆ ಬೇಜಾರಲ್ಲ. ನೋಡುವುದರಲ್ಲಿ ಮರೆತಿದ್ದರು.

ಮೊದಲ ಸಲ ತೆವಳಿ ಬಂದ. ಎರಡು ಬೆರಳು. ಎಳೆದರು. ಎರಡನೇ ಸಲ ಕೈ ತಾಗಿಯೇ ತಾಗಿತು, ಆದರೆ ಇನ್ನೊಬ್ಬ ಹೀಲ್ ಅಷ್ಟರಲ್ಲಿ ರೆಫರಿಯ ಜೊತೆ ಜಗಳ ತೆಗೆದಿದ್ದ. ರೆಫರಿ ನೋಡಿರಲಿಲ್ಲ. ಒಳಗೆ ನುಗ್ಗಿದ ಕಂಬನನ್ನು ಆಚೆ ಕಳಿಸಿದ. ಇದು ಪುಸ್ತಕದಷ್ಟು ಹಳೆಯ ತಂತ್ರ. ಇಡೀ ಛತ್ರ ಎದ್ದು ನಿಂತು ರೆಫರಿಗೆ ಬೈಯಿತು. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ತೊಳೆಯುವ ಅಜ್ಜಿಯೊಬ್ಬರು ನಿಂತಿದ್ದರು. ಅವರಿಗೆ ನಮ್ಮ ಆಟ ಏನೂ ಗೊತ್ತಿಲ್ಲ. ‘ತಾಗ್ತಲ್ಲೋ, ತಾಗ್ತಲ್ಲೋ ಮುಂಡೇದೇ, ಕಣ್ಣು ಕಾಣಲ್ವಾ’ ಅಂತ ಕೂಗಿದರು. ನಮ್ಮ ರೆಫರಿ ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಆಗ ಯೋಜನೆಯಲ್ಲಿ ಇಲ್ಲದ್ದೊಂದು ನಡೆಯಿತು. ಕಂಬ ಮಾತಾಡಿದ. ಮಾರ್ಕೆಟ್ ಮಂಡಿಯ ಗಂಟಲು, ಮೈಕ್ ಬೇಡ. ‘ಬಾರೋ ಮಗ. ಬಾ. ಇಲ್ಲೇ ಇದ್ದೀನಿ ಬಾ.’ ಅವನ ಮುಖ ನಾನು ಅವತ್ತಿನವರೆಗೆ ನೋಡಿರದ ಮುಖ.

ಮೂರನೇ ಸಲ ತಾಗಿತು.

ಆ ಸದ್ದನ್ನು ನಾನು ಬರೆಯಲಾರೆ. ಕಂಬ ಮಾಡಿದ್ದು ಆ ಮೂರೇ. ಡಿಕ್ಕಿ, ಎತ್ತಿ ಒಗೆತ, ಕಲಾಜಂಗ್. ಹಿಂದೆ ಇದೇ ಮೂರನ್ನು ನೋಡಿ ಕಾಫಿಗೆ ಎದ್ದು ಹೋಗಿದ್ದ ಜನ. ಕಲಾಜಂಗ್‌ನಲ್ಲಿ ಎತ್ತಿದವನನ್ನು ಅವನು ಮೂಲೆಯಿಂದ ಸರಿಯಾದ ಅಳತೆಯಲ್ಲಿ, ಚಿಗರೆಗೆ ಬೇಕಾದ ಜಾಗದಲ್ಲಿ ಮಲಗಿಸಿದ. ಅರ್ಧ ಅಡಿ ಆಚೆ ಈಚೆ ಆದರೂ ಮೂನ್‌ಸಾಲ್ಟ್ ಯಾರದೋ ಪಕ್ಕೆಲುಬಿಗೆ ಕುತ್ತು. ಚಿಗರೆ ಹತ್ತಿದ, ಒಂದು ಸಲ ಕೆಳಗೆ ನೋಡಿದ, ಜಿಗಿದ. ಕೆಳಗೆ ನೋಡಿದ ಅನ್ನುವುದನ್ನು ಬೇಕೆಂದೇ ಬರೆದಿದ್ದೇನೆ. ಮೊದಲೆಲ್ಲ ನೋಡುತ್ತಿರಲಿಲ್ಲ.

ಪಂದ್ಯ ಆದಮೇಲೆ ಡ್ರೆಸ್ಸಿಂಗ್ ರೂಮ್‌ನಲ್ಲಿ, ಅಂದರೆ ವಧುವಿನ ಕೋಣೆಯಲ್ಲಿ, ಚಿಗರೆ ಗೋಡೆಗೆ ಒರಗಿ ಕೂತಿದ್ದ. ‘ಟ್ಯಾಗ್ ಆದ್ಮೇಲೆ ನಾನು ಕಣ್ಣು ಮುಚ್ಕೊಂಡು ಆಚೆ ಬಿದ್ದಿದ್ದೆ ಸರ್. ಆ ಸೌಂಡ್‌ಗೆ ಏನೋ ಬಿತ್ತು ಅಂದ್ಕೊಂಡೆ. ಶಾಮಿಯಾನ ಕುಸೀತೇನೋ ಅಂತ.’ ಸ್ವಲ್ಪ ಹೊತ್ತು ಬಿಟ್ಟು, ‘ಅದು ಅವನಿಗೆ ಬಂದಿದ್ದಾ, ನನಗೆ ಬಂದಿದ್ದಾ?’ ಅಂತ ಕೇಳಿದ. ಕಂಬ ಮೊಣಕಾಲಿಗೆ ಐಸ್ ಕಟ್ಟಿಕೊಳ್ಳುತ್ತಿದ್ದ. ‘ಹಂಚ್ಕೊಳಣ ಬಿಡೋ’ ಅಂದ.

ಆಮೇಲೆ ಏನಾಯಿತು

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಇದು ಪ್ರಕರಣ.

ಮಾರನೇ ದಿನ ಮೊಬೈಲಿನಲ್ಲಿ ಓಡಾಡಿದ್ದು ಹನ್ನೊಂದು ಸೆಕೆಂಡಿನ ವಿಡಿಯೊ. ಮೂನ್‌ಸಾಲ್ಟ್ ಮಾತ್ರ. ಕಂಬನ ಮೊಣಕೈ ಒಂದು ಮೂಲೆಯಲ್ಲಿ ಕಾಣುತ್ತದೆ. ಎಂಟು ನಿಮಿಷದ ಏಟು, ಎರಡು ಬೆರಳು, ‘ಬಾರೋ ಮಗ’, ಯಾವುದೂ ಹನ್ನೊಂದು ಸೆಕೆಂಡಿಗೆ ಹಿಡಿಯುವುದಿಲ್ಲ. ಛತ್ರದಲ್ಲಿ ಜೊತೆಯ ಆಟ ಗೆದ್ದಿತು, ಮೊಬೈಲಿನಲ್ಲಿ ಒಂಟಿ ಆಟ ಗೆದ್ದಿತು.

ತಿಂಗಳೊಳಗೆ ಬೇರೆ ಊರಿನ ಒಂದು ಗುಂಪಿನಿಂದ ಕರೆ ಬಂತು. ಚಿಗರೆ ಒಬ್ಬನೇ ಸಾಕು ಅಂದರು. ಶೆಡ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ರಾಕರ್ಸ್ ಅನ್ನುವ ಹಳೆಯ ಟ್ಯಾಗ್ ಟೀಮ್. ಶಾನ್ ಮೈಕಲ್ಸ್ ತನ್ನ ಜೊತೆಗಾರ ಮಾರ್ಟಿ ಜಾನೆಟ್ಟಿಯನ್ನು ಒದ್ದು ಗಾಜಿನ ಕಿಟಕಿಯ ಮೂಲಕ ಎಸೆದ ದೃಶ್ಯ 1992ರ ಜನವರಿಯಲ್ಲಿ ಟಿವಿಯಲ್ಲಿ ಬಂತು. ಮೈಕಲ್ಸ್ 1996ರಲ್ಲಿ ವಿಶ್ವ ಚಾಂಪಿಯನ್ ಆದ. ಜಾನೆಟ್ಟಿ ಅನ್ನುವ ಹೆಸರು ಹಿಂದೆ ಉಳಿದವನಿಗೆ ಅಡ್ಡಹೆಸರಾಯಿತು. ‘ನಾನು ಕಿಟಕಿ ಇಲ್ಲದ ಕಡೆ ನಿಂತ್ಕೋತೀನಿ ಬಿಡಣ್ಣ’ ಅಂದ ಕಂಬ. ಎಲ್ಲರೂ ನಕ್ಕರು. ಅವನು ಅಷ್ಟು ನಗಲಿಲ್ಲ.

ನಾನು ಬೇರೆ ಉದಾಹರಣೆ ತೆಗೆದೆ. ಬ್ರಿಸ್ಕೋ ಸಹೋದರರು, ಅಮೆರಿಕದ ಡೆಲವೇರ್‌ನವರು. ರಿಂಗ್ ಆಫ್ ಆನರ್ ಅನ್ನುವ ರೆಸ್ಲಿಂಗ್ ಕಂಪನಿಯಲ್ಲಿ 13 ಸಲ ಟ್ಯಾಗ್ ಚಾಂಪಿಯನ್ ಆದರು. ಅವರಲ್ಲಿ ಅಣ್ಣ ಜೇ ಅದೇ ಕಂಪನಿಯ ಒಂಟಿ ಪಂದ್ಯದ ವಿಶ್ವ ಪಟ್ಟವನ್ನೂ ಎರಡು ಸಲ ಗೆದ್ದ. ಜೋಡಿ ಒಡೆಯಲಿಲ್ಲ. 2023ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ಅವನು ಹೋಗುವವರೆಗೂ ಇಬ್ಬರೂ ಒಟ್ಟಿಗೇ ಇದ್ದರು. ಚಿಗರೆಗೆ ಇದು ಹಿಡಿಸಿತು. ಆದರೆ ಅವರು ಒಂದೇ ತಾಯಿಯ ಮಕ್ಕಳು, ಇವರು ಒಂದೇ ಬುಕರ್‌ನ ಲೆಕ್ಕದ ತಪ್ಪಿನಿಂದ ಸೇರಿದವರು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ತಡೆಯಲಿಲ್ಲ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲವೇ ತೀರ್ಮಾನಗಳಲ್ಲಿ ಇದೊಂದು. ಎರಡು ಷರತ್ತು ಹಾಕಿದೆ. ಜೋಡಿಯ ಪಂದ್ಯಕ್ಕೆ ಬರುವ ದುಡ್ಡು ಸಮ ಪಾಲು, ಯಾರ ಫೋಟೋ ದೊಡ್ಡದಾಗಿದ್ದರೂ. ಹೊರಗೆ ಹೋದಾಗ ಅಲ್ಲಿಯವರು ಹೇಗೆ ಹಿಡಿಯುತ್ತಾರೆ ಅಂತ ನೋಡಿಕೊಂಡೇ ಜಿಗಿಯಬೇಕು. ಅವನು ಎರಡು ಸಲ ಹೋಗಿ ಬಂದ. ‘ಆರು ನಿಮಿಷದಲ್ಲಿ ಎಲ್ಲಾ ಮಾಡಿಸಿಬಿಟ್ರು ಸರ್, ಉಸಿರಾಡೋಕೆ ಬಿಡಲಿಲ್ಲ’ ಅಂದ. ಆದರೆ ಕಣ್ಣಲ್ಲಿ ಬೆಳಕಿತ್ತು. ಅವನಿಗೆ ಅದೂ ಇಷ್ಟ ಆಗಿತ್ತು. ಯಾಕಾಗಬಾರದು?

ಇನ್ನೊಂದು ಹೇಳಬೇಕು. ಈ ಜೋಡಿಯಲ್ಲಿ ನಡೆದದ್ದನ್ನು ಬೇರೆ ಇಬ್ಬರಿಗೆ ಹಾಗೇ ಹಾಕಿ ನೋಡಿದೆ. ಒಬ್ಬ ಏಟು ತಿನ್ನುವುದು, ಒಬ್ಬ ಕಾಯುವುದು. ಪೂರ್ತಿ ಮಗುಚಿತು. ಏಟು ತಿನ್ನುವವನಿಗೆ ಬೀಳಲು ಬರುತ್ತಿರಲಿಲ್ಲ. ಅಂದರೆ ಚಿಗರೆಯ ಪ್ರತಿಭೆ ಇಲ್ಲದೆ ಆ ಶನಿವಾರ ಆಗುತ್ತಿರಲಿಲ್ಲ. ಸಚಿನ್ 88 ಹೊಡೆಯದೇ ಇದ್ದಿದ್ದರೆ ಅಂತ ಅವನು ಕೇಳಿದ್ದು ಸುಮ್ನೆ ಅಲ್ಲ. ನನ್ನ ತಪ್ಪು ಇದ್ದದ್ದು ಅವನ ಪ್ರತಿಭೆ ಯಾವುದು ಅಂತ ಗುರುತಿಸುವುದರಲ್ಲಿ. ಮತ್ತೆ ಕಂಬನದು ಪ್ರತಿಭೆಯೇ ಅಲ್ಲ ಅಂದುಕೊಂಡದ್ದರಲ್ಲಿ. ಯಾರನ್ನೂ ನೋಯಿಸದೆ, ಹೇಳಿದ ಜಾಗದಲ್ಲಿ ಅಳತೆ ತಪ್ಪದೆ ಒಬ್ಬ ಮನುಷ್ಯನನ್ನು ಇಳಿಸುವುದು ನಮ್ಮ ಗುಂಪಿನಲ್ಲಿ ಅವನಿಗೆ ಬಿಟ್ಟರೆ ಇನ್ನೊಬ್ಬನಿಗೆ ಬರುತ್ತದೆ ಅಷ್ಟೇ. ಆ ಇನ್ನೊಬ್ಬ ಭುಜಕ್ಕೆ ಪೆಟ್ಟು ತಿಂದ ಹೀಲ್.

ಬೇರೆ ಗುಂಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಜೋಡಿ ಕೂಡಿಸುವ ಮುಂಚೆ ಇಬ್ಬರನ್ನೂ ಒಂದು ದಿನ ಸುಮ್ಮನೆ ಏಪ್ರನ್ ಮೇಲೆ ನಿಲ್ಲಿಸಿ ನೋಡಿ. ಒಳಗಿರುವವನಿಗೆ ಪೆಟ್ಟು ಬಿದ್ದಾಗ ಆಚೆ ನಿಂತವನ ಕಣ್ಣು ಎಲ್ಲಿದೆ ನೋಡಿ. ಪಲ್ಟಿ ಆಮೇಲೆ ಕಲಿಸಬಹುದು.

ಈಗಿನ ಪರಿಸ್ಥಿತಿ ಹೀಗಿದೆ. ಕಂಬನ ಮೊಣಕಾಲು ಅಷ್ಟು ಸರಿಯಿಲ್ಲ. ಡಾಕ್ಟರ್ ಎತ್ತುವುದು ಕಡಿಮೆ ಮಾಡು ಅಂದಿದ್ದಾರೆ, ಮಂಡಿಯ ಕೆಲಸದಲ್ಲಿ ಅದು ಆಗುವ ಮಾತಲ್ಲ. ಈ ಆಷಾಢಕ್ಕೆ ಅದೇ ಛತ್ರ ಸಿಕ್ಕಿದೆ, ಅಡ್ವಾನ್ಸ್ ಕೊಟ್ಟಿದ್ದೇನೆ. ಅದೇ ಶನಿವಾರ ಚಿಗರೆಗೆ ಹೊರ ಊರಿನಲ್ಲಿ ಒಂದು ಒಂಟಿ ಪಂದ್ಯ ಬಂದಿದೆ, ಅವನು ಇನ್ನೂ ಹೂಂ ಅಂದಿಲ್ಲ, ಉಹುಂ ಅಂತಲೂ ಅಂದಿಲ್ಲ. ಪೋಸ್ಟರ್‌ನವನು ದಿನಾ ಫೋನ್ ಮಾಡುತ್ತಾನೆ. ಇಬ್ಬರ ಫೋಟೋ ಹಾಕಲಾ ಒಬ್ಬರದು ಹಾಕಲಾ ಅಂತ ಕೇಳುತ್ತಾನೆ. ನಾಳೆ ಹೇಳ್ತೀನಿ ಇರಪ್ಪ ಅಂತ ಇಡುತ್ತಿದ್ದೇನೆ.